ತೂತಿನ ಕಲ್ಲಿನ ಊರು: ಡೆನಿಜ್ಲಿಯಲ್ಲಿ ಕೆಲವು ದಿನ

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಈಚೆಗೆ ಏಳುತ್ತಿರುವ ದೊಡ್ಡ ಮನೆಗಳ ಮುಂಗೋಡೆಗೆ, ಹಾಲ್‌ನ ಟಿ.ವಿ. ಹಿಂದಿನ ಗೋಡೆಗೆ, ಕೆಲವೆಡೆ ಊಟದ ಮೇಜಿಗೂ ಟ್ರಾವರ್ಟಿನ್ ಎಂಬ ಕೆನೆಬಣ್ಣದ ಕಲ್ಲು ಬರತೊಡಗಿದೆ. ಅದರ ಮೈತುಂಬ ಸಾಸಿವೆಗಾತ್ರದಿಂದ ಹೆಬ್ಬೆರಳುಗಾತ್ರದವರೆಗಿನ ತೂತುಗಳಿರುತ್ತವೆ. ಮನೆಗಳ ವಿನ್ಯಾಸ ಮಾಡಿಕೊಡುವ ನನ್ನ ಬಳಿ ಬರುವವರಿಗೆ ಆ ಬಣ್ಣ ಬೇಕು, ತೂತು ಬೇಡ. ಅದನ್ನು ಮುಚ್ಚಿ, ತಿಕ್ಕಿ, ಕನ್ನಡಿಯ ಹೊಳಪು ಬರಿಸಿ ಕೊಡಿ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಕಲ್ಲಿನ ವ್ಯಾಪಾರ ಮಾಡುವ ನನ್ನ ಅಕ್ಕನ ಗಂಡನಿಗೂ ಗಿರಾಕಿಗಳಿಂದ ದಿನಾ ಇದೇ ಮಾತು. ಶಹಾಬಾದ್ ಫರಸಿ, ಗ್ರಾನೈಟ್, ಕಡಪ ಕಲ್ಲುಗಳ ನಡುವೆ ಮೂವತ್ತು ವರ್ಷ ಕಳೆದ ಅವರಿಗೆ ಈ ಕಲ್ಲಿನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಅದು ಹುಟ್ಟುವ ಜಾಗವನ್ನೇ ನೋಡಿ ಬರೋಣವೆಂದು ಹೊರಟೆವು.

ಈ ಕಲ್ಲಿಗೆ ಹೆಸರಾದ ಊರುಗಳಲ್ಲಿ ಮೊದಲನೆಯದು ರೋಮಿನ ಪಕ್ಕದ ಟಿವೊಲಿ. ಕೊಲೊಸಿಯಂ ಕಟ್ಟಿದ್ದು, ವ್ಯಾಟಿಕನ್ನಿನ ಸಂತ ಪೀಟರ್ ಚೌಕದ ಸುತ್ತ ವಾಸ್ತುಶಿಲ್ಪಿ ಬರ್ನಿನಿ ನಿಲ್ಲಿಸಿದ 284 ಕಂಬಗಳು ಎದ್ದದ್ದು ಅಲ್ಲಿನ ಕಲ್ಲಿನಿಂದಲೇ. ನಾವು ಆರಿಸಿಕೊಂಡದ್ದು ಟರ್ಕಿಯ ನೈರುತ್ಯ ಭಾಗದ ಡೆನಿಜ್ಲಿಯನ್ನು. ಅಲ್ಲಿಂದ ಬ್ಲಾಕುಗಳು ರಾಜಸ್ಥಾನದ ಕಿಶನ್‌ಗಢದಂಥ ಕೊಯ್ಯುವ ಊರುಗಳಿಗೆ ಬಂದು ನಮ್ಮ ಪೇಟೆ ಸೇರುತ್ತವೆ ಎಂಬುದು ಒಂದು ಕಾರಣ. ಗಣಿ, ಕಾರ್ಖಾನೆ, ಅದೇ ಕಲ್ಲಿನಲ್ಲಿ ಕಟ್ಟಿದ ಹಳೆಯ ನಗರ, ಜೊತೆಗೆ ಕಣ್ಣೆದುರೇ ಹೊಸದಾಗಿ ಕಲ್ಲಾಗುತ್ತಿರುವ ನೀರು, ಇಷ್ಟೂ ಒಂದು ಗಂಟೆಯ ದಾರಿಯೊಳಗೆ ಸಿಗುತ್ತವೆ ಎಂಬುದು ಇನ್ನೊಂದು.

ಮೊದಲ ದಿನ: ಮೆಂಡೆರೆಸ್ ಕಣಿವೆಯ ರೈಲು

ಇಸ್ತಾಂಬುಲ್ ಮೂಲಕ ಇಜ್ಮಿರ್ ತಲುಪಿ, ಬಸ್ಮಾನೆ ನಿಲ್ದಾಣದಿಂದ ಡೆನಿಜ್ಲಿಯ ರೈಲು ಹತ್ತಿದೆವು. ವಿಮಾನದಲ್ಲೂ ಹೋಗಬಹುದಿತ್ತು, ಆದರೆ ನಿಲ್ದಾಣವಿರುವ ಚಾರ್ದಾಕ್ ಊರಿನಿಂದ ಬಹಳ ದೂರ, ಮತ್ತು ಕಿಟಕಿಯ ಹೊರಗಿನ ಮೆಂಡೆರೆಸ್ ನದಿಯ ಕಣಿವೆ ತಪ್ಪಿಹೋಗುತ್ತದೆ. ಐದು ತಾಸಿನ ಆಸುಪಾಸಿನ ಈ ದಾರಿಯಲ್ಲಿ ಆಯ್ದಿನ್ ದಾಟುವವರೆಗೂ ಅಂಜೂರ ಮತ್ತು ಆಲಿವ್ ತೋಟಗಳು, ಆಮೇಲೆ ಹತ್ತಿ ಹೊಲಗಳು. ಅಕ್ಟೋಬರ್ ಕೊನೆಯಾದ್ದರಿಂದ ಹತ್ತಿ ಬಿಡಿಸುವ ಕಾಲ. ಟ್ರಾಕ್ಟರಿನ ಟ್ರೇಲರ್‌ಗಳಿಂದ ಉದುರಿದ ಹತ್ತಿ ರಸ್ತೆಯಂಚಿನ ಮುಳ್ಳುಗಿಡಗಳಿಗೆ ಸಿಕ್ಕಿಕೊಂಡಿದ್ದನ್ನು ಕಂಡು ಭಾವ ಕಿಟಕಿಗೆ ಆನಿ ಕೂತರು. "ನಮ್ಮ ನವಲಗುಂದದ ಕಡೀ ಬಂದಂಗಾತು ನೋಡಪಾ" ಎಂದವರು ಮುಂದಿನ ಅರ್ಧ ಗಂಟೆ ಇಳುವರಿಯ ಲೆಕ್ಕ ಹಾಕುತ್ತಲೇ ಇದ್ದರು.

ಸರಾಯ್‌ಕೊಯ್ ಹತ್ತಿರವಾದಾಗ ಹೊಲಗಳಾಚೆ ಅಲ್ಲಲ್ಲಿ ಬಿಳಿ ಹಬೆ ಎದ್ದದ್ದು ಕಂಡಿತು. ಅದು ಕಿಜಿಲ್‌ಡೆರೆ, ನೆಲದಾಳದ ಬಿಸಿನೀರಿನಿಂದ ವಿದ್ಯುತ್ ತೆಗೆಯುವ ಟರ್ಕಿಯ ಮೊದಲ ಸ್ಥಾವರ ಅಲ್ಲಿ 1984ರಲ್ಲಿ ಶುರುವಾಯಿತು. ನಮ್ಮೆದುರು ಕೂತಿದ್ದ ವಯಸ್ಸಾದ ಪ್ರಯಾಣಿಕರು ಅಂಥ ಬಾವಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊಬೈಲಿನ ಅನುವಾದದ ಸಹಾಯದಿಂದ, ನಡುನಡುವೆ ಕೈಸನ್ನೆಯಿಂದ, ತಮ್ಮ ಕಾಲದ ದೊಡ್ಡ ತಲೆನೋವು ಯಾವುದೆಂದು ವಿವರಿಸಿದರು. ನೀರು ಮೇಲೆ ಬರುತ್ತಾ ಒತ್ತಡ ಇಳಿದ ಕೂಡಲೇ ಕೊಳವೆಯ ಒಳಗೋಡೆಗೆ ಸುಣ್ಣ ಕಟ್ಟುತ್ತದೆ. ಬಾವಿಯ ಬಾಯಿ ಕಿರಿದಾಗುತ್ತಾ ಬರುತ್ತದೆ. ಆಗ ಯಂತ್ರ ಇಳಿಸಿ ಕೆರೆದು ತೆಗೆಯಬೇಕು. ಈಗ ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕ ಹಾಕುತ್ತಾರಂತೆ. ತೋರುಬೆರಳು ಹೆಬ್ಬೆರಳುಗಳಲ್ಲಿ ಅವರು ಮಾಡಿ ತೋರಿಸಿದ ಕಿರಿದಾಗುವ ವೃತ್ತವೇ ನಮಗೆ ಟ್ರಾವರ್ಟಿನ್‌ನ ಮೊದಲ ಪಾಠವಾಯಿತು. ಈ ಇಡೀ ಕಣಿವೆ ಭೂಮಿ ಬಿರಿದು ಕುಸಿದು ಆದದ್ದು. ಬೆಟ್ಟದ ಸುಣ್ಣಕಲ್ಲಿನ ಮೇಲೆ ಬಿದ್ದ ಮಳೆ, ಹಿಮ ಆ ಬಿರುಕುಗಳಲ್ಲಿ ಆಳಕ್ಕಿಳಿದು, ಕಾದು, ಇಂಗಾಲದ ಡೈಆಕ್ಸೈಡ್ ಬೆರೆತು, ಸುಣ್ಣವನ್ನು ಕರಗಿಸಿಕೊಂಡು ಮತ್ತೆ ಮೇಲೆ ಬರುತ್ತದೆ. ಹೊರಗಿನ ಗಾಳಿಗೆ ಅನಿಲ ಹಾರಿಹೋದ ಮೇಲೆ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗೆ ಉಳಿಯುವುದಿಲ್ಲ. ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಬೋರ್‌ವೆಲ್ ನೀರು ಕಟ್ಟುವ ಬಿಳಿ ಪೊರೆಯೂ ಇದೇ ಕುಲದ್ದು.

ಡೆನಿಜ್ಲಿ ದೊಡ್ಡ ನಗರ, ಬಟ್ಟೆ ಗಿರಣಿಗಳ ಊರು. ಉದ್ದಕ್ಕೆ ಕೂಗುವ ಹುಂಜದ ತಳಿಗೆ ಪ್ರಸಿದ್ಧವಾದ್ದರಿಂದ ಹುಂಜದ ಪ್ರತಿಮೆಗಳು ಕಾಣುತ್ತವೆ. ರಾತ್ರಿ ನಾನು ಇಲ್ಲಿಯ ಹೆಸರುವಾಸಿ ಕಬಾಬ್ ತಿಂದೆ. ಕುರಿಮಾಂಸವನ್ನು ಒಲೆಯಲ್ಲಿ ಸುಟ್ಟು, ಕಾಗದದ ಮೇಲೆ ರೊಟ್ಟಿ, ಟೊಮೆಟೊ, ಈರುಳ್ಳಿಯೊಡನೆ ಕೊಡುತ್ತಾರೆ, ಮುಳ್ಳುಚಮಚ ಕೊಡುವುದಿಲ್ಲ, ಕೈಯಲ್ಲೇ ತಿನ್ನಬೇಕು. ಶಾಕಾಹಾರಿಯಾದ ಭಾವನಿಗೆ ಬೇಳೆಯ ಸೂಪು, ಬದನೆಕಾಯಿ ಪಲ್ಯ ಮತ್ತು ಈ ಸೀಮೆಯ ವಿಶೇಷವಾದ ಸುಟ್ಟ ಮೊಸರು ಬಂತು. ಬೇಕೆಂದೇ ಹಾಲಿನ ತಳ ಹತ್ತಿಸಿ ಹೆಪ್ಪು ಹಾಕುತ್ತಾರೆ. ಭಾವ ಎರಡು ಚಮಚ ತಿಂದು, "ಹಾಲು ತಳ ಹತ್ತಿದ್ರ ನಿಮ್ಮಕ್ಕ ಚೆಲ್ಲತಾಳ. ಇಲ್ಲಿ ರೊಕ್ಕಾ ಕೊಟ್ಟು ತಿಂತಾರ" ಎಂದರು. ಬಟ್ಟಲು ಮಾತ್ರ ಖಾಲಿಯಾಗಿತ್ತು.

ಎರಡನೆಯ ದಿನ: ಪಾಮುಕ್ಕಲೆಯ ಬಿಳಿ ಇಳಿಜಾರು

ಬಸ್ ನಿಲ್ದಾಣದ ಕೆಳಅಂತಸ್ತಿನಿಂದ ಹೊರಡುವ ಡೊಲ್ಮುಶ್ ಎಂಬ ಸಣ್ಣ ವ್ಯಾನು ಹಿಡಿದು, ಸುಮಾರು 20 ಕಿ.ಮೀ. ದೂರದಲ್ಲಿ, ಬಿಸಿನೀರಿನ ಬುಗ್ಗೆಗಳು ಸುಣ್ಣ ಕಟ್ಟಿ ಬೆಳ್ಳಗಾಗಿಸಿದ ಬೆಟ್ಟದ ಬುಡದಲ್ಲಿರುವ ಪಾಮುಕ್ಕಲೆ ಹಳ್ಳಿ ಸೇರಿದೆವು. ಉಳಿದ ರಾತ್ರಿಗಳಿಗೆ ಅಲ್ಲಿಯೇ ಒಂದು ಮನೆವಸತಿ ಹಿಡಿದೆವು. ಅದರ ಅಂಗಳದಲ್ಲಿದ್ದ ಟ್ರಾವರ್ಟಿನ್ ಮೇಜಿನ ಮುಂದೆ ತಿಂಡಿಗೆ ಕೂತಾಗ, ಕಲ್ಲಿನ ವ್ಯಾಪಾರಿಯ ಕಣ್ಣು ತಟ್ಟೆಯ ಬದಲು ಮೇಜಿನ ಮೇಲೆ ಹೋಯಿತು. ಪಾಲಿಶ್ ಮಾಡಿದ ಮೈಮೇಲೆ ಅಲ್ಲಲ್ಲಿ ಮಂಕಾದ ವೃತ್ತಗಳು. ಬೆರಳಾಡಿಸಿದರೆ ಆ ವೃತ್ತದೊಳಗೆ ಕಲ್ಲು ತುಸು ಒರಟು. ದಾಳಿಂಬೆ ರಸದ ಗ್ಲಾಸುಗಳು ಬಿಟ್ಟ ಗುರುತು ಅದು. ರಸದ ಹುಳಿ ಸುಣ್ಣವನ್ನು ತಿಂದಿರುತ್ತದೆ. ಅದು ಕಲೆಯಲ್ಲ, ತೊಳೆದರೆ ಹೋಗುವುದಿಲ್ಲ, ಮತ್ತೆ ತಿಕ್ಕಿಸಬೇಕು. ಮನೆಯ ಯಜಮಾನಿ ನಗುತ್ತಾ, ವಿನಿಗರ್ ಹಾಕಿ ಒರೆಸಿದ ಹುಡುಗಿಯೊಬ್ಬಳು ಒಳಗಿನ ಮೆಟ್ಟಿಲನ್ನೂ ಹೀಗೇ ಮಾಡಿದ್ದಾಳೆ, ಸಾದಾ ಸಾಬೂನು ನೀರಿಗಿಂತ ಹೆಚ್ಚಿನದು ಇದಕ್ಕೆ ಸೋಕಬಾರದು ಎಂದರು. ದಿನಕ್ಕೆರಡು ಸಲ ಹುಣಿಸೆಹುಳಿ, ನಿಂಬೆ, ಟೊಮೆಟೊ ಹರಿದಾಡುವ ನಮ್ಮ ಅಡುಗೆಕಟ್ಟೆಗೆ ಈ ಕಲ್ಲು ಸಲ್ಲದು ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಚರ್ಚೆಯೇ ಬೇಕಾಗಲಿಲ್ಲ.

ಬೆಟ್ಟಕ್ಕೆ ಮೂರು ಬಾಗಿಲುಗಳಿವೆ. ಮೇಲಿನ ಬಾಗಿಲುಗಳಲ್ಲಿ ಬಸ್ಸುಗಳು ಬಂದು ನಿಲ್ಲುತ್ತವೆ. ಕೆಳಗಿನ ಹಳ್ಳಿಯ ಬಾಗಿಲಿನಿಂದ ಹತ್ತುವವರು ಬರಿಗಾಲಿನಲ್ಲಿ ಟ್ರಾವರ್ಟಿನ್ ಮೇಲೆಯೇ ನಡೆದುಹೋಗಬೇಕು. ಇದೇ ಒಳ್ಳೆಯ ದಾರಿ, ಬೆಳಿಗ್ಗೆ ಬೇಗ ಹೊರಟರೆ ಇನ್ನೂ ಒಳ್ಳೆಯದು. ಹತ್ತು ಗಂಟೆಯ ನಂತರ ಬಿಳುಪಿನಿಂದ ಚಿಮ್ಮುವ ಬಿಸಿಲಿಗೆ ಕಪ್ಪುಕನ್ನಡಕವಿಲ್ಲದೆ ಕಣ್ಣು ಬಿಡಲಾಗುವುದಿಲ್ಲ. ಚಪ್ಪಲಿಗೊಂದು ಚೀಲ ಬೇಕೇ ಬೇಕು. ಕೆಳಗಿನ ಭಾಗದಲ್ಲಿ ನೀರು ತಣ್ಣಗಿತ್ತು, ನಸುಕಿನ ಚಳಿಗೆ ಪಾದ ಜೋಮು ಹಿಡಿಯಿತು. ಮೇಲೆ ಹೋದಂತೆ ಬೆಚ್ಚಗಾಗುತ್ತಾ, ಬುಗ್ಗೆಯ ಬಳಿ ಸುಮಾರು 35 ಡಿಗ್ರಿ ತಲುಪುತ್ತದೆ. ನೆಲ ನೋಡುವುದಕ್ಕೆ ನುಣುಪು, ತುಳಿದರೆ ಒರಟು. ಹರಿವ ನೀರು ಅಂಗುಲಕ್ಕೊಂದು ಸಣ್ಣ ಏಣು ಕಟ್ಟಿಟ್ಟಿರುತ್ತದೆ, ಅದು ಅಂಗಾಲಿಗೆ ಒತ್ತುತ್ತದೆ. ನೀರಿಲ್ಲದ ಕಡೆ ಗಟ್ಟಿ, ನೀರು ನಿಂತ ಕಡೆ ತಳದಲ್ಲಿ ಮೆತ್ತನೆಯ ಬಿಳಿ ಕೆಸರು. ಆ ಕೆಸರೇ ಮುಂದೆ ಕಲ್ಲಾಗುವುದು.

ಮುಖ್ಯ ಕಾಲುವೆಯ ಪಕ್ಕ ನಾನು ಮಂಡಿಯೂರಿ ಕೂತೆ. ಮರದ ಒಂದು ಎಲೆ ಕಾಲುವೆಯ ಅಂಚಿಗೆ ಅಂಟಿತ್ತು. ನರಗಳು ಇನ್ನೂ ಕಾಣುತ್ತಿದ್ದವು, ತೊಟ್ಟು ಮಾತ್ರ ಆಗಲೇ ಬಿಳಿ ಪೊರೆಯೊಳಗಿತ್ತು. ಅದರ ಪಕ್ಕ ತೆಳ್ಳನೆಯ ಸುಣ್ಣದ ಚರ್ಮದಡಿ ಗಾಳಿಗುಳ್ಳೆಗಳು ಸಿಕ್ಕಿಬಿದ್ದಿದ್ದವು. ಗುಳ್ಳೆಯ ಸುತ್ತ ಸುಣ್ಣ ಗಟ್ಟಿಯಾದರೆ ದುಂಡನೆಯ ತೂತು. ಎಲೆ, ಕಡ್ಡಿ, ಪಾಚಿ ಕೊಳೆತುಹೋದರೆ ಅವುಗಳ ಆಕಾರದ ತೂತು. ಗಿರಾಕಿಗಳು ಮುಚ್ಚಿಸಬಯಸುವ ತೂತುಗಳಷ್ಟೂ ಹೀಗೆ ನೀರಿನಲ್ಲಿ ಇದ್ದುಹೋದ ಒಂದಲ್ಲ ಒಂದರ ಜಾಗ. "ಭಾವ, ಇಲ್ಲಿ ಬರ್ರಿ" ಎಂದು ಕರೆದೆ. ಅವರು ಅವಸರದಲ್ಲಿ ಬರುತ್ತಾ ಪಾಚಿಯ ಮೇಲೆ ಕಾಲಿಟ್ಟು ಜಾರಿ, ಮೊಣಕಾಲುದ್ದದ ಕೊಳದಲ್ಲಿ ಕೂತುಬಿಟ್ಟರು. ಪೆಟ್ಟಾಗಲಿಲ್ಲ, ಆದರೆ ಕಿಸೆಯಲ್ಲಿದ್ದ ನೋಟುಗಳು ಒದ್ದೆಯಾದವು, ಬೂಟಿನ ಚೀಲ ಕೆಳಗಿನ ತಟ್ಟಿಗೆ, ಎಂದರೆ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಸಾಲಾಗಿರುವ ಸುಣ್ಣದ ಕೊಳಗಳಲ್ಲಿ ಮುಂದಿನದಕ್ಕೆ, ತೇಲಿಹೋಯಿತು. ತೆಗೆಯಲು ನಾನು ಇಳಿಯಹೋದಾಗ ಕಾವಲುಗಾರ ಸೀಟಿ ಊದಿದ. ಆ ಭಾಗಕ್ಕೆ ಯಾರೂ ಇಳಿಯುವಂತಿಲ್ಲ. ಕೊನೆಗೆ ಆತನೇ ಉದ್ದನೆಯ ಕೋಲಿನಿಂದ ಚೀಲವನ್ನು ಎಳೆದುಕೊಟ್ಟು, ಭಾವನನ್ನು ಬಿಸಿಲಲ್ಲಿ ಕೂರಿಸಿ ಮಾತಿಗೆ ನಿಂತ.

ಅಂತರಜಾಲದ ಚಿತ್ರಗಳಲ್ಲಿ ತುಂಬಿ ತುಳುಕುವ ತಟ್ಟುಗಳೆಲ್ಲ ಯಾಕೆ ಒಣಗಿವೆಯೆಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ಉಪಯುಕ್ತವಾಗಿತ್ತು. ಎಲ್ಲ ತಟ್ಟುಗಳಿಗೂ ಒಟ್ಟಿಗೆ ನೀರು ಬಿಡುವುದಿಲ್ಲ, ಸರದಿಯ ಮೇಲೆ ಬಿಡುತ್ತಾರೆ. ಸದಾ ಒದ್ದೆಯಿದ್ದರೆ ಪಾಚಿ ಹತ್ತಿ ಕಲ್ಲು ಹಸಿರು, ಕಂದು ಬಣ್ಣಕ್ಕೆ ತಿರುಗುತ್ತದೆ. ಒಣಗಲು ಬಿಟ್ಟರೆ ಬೆಳ್ಳಗಾಗುತ್ತದೆ. ಒಂದು ಕಾಲಕ್ಕೆ ಈ ಬೆಟ್ಟದ ನೆತ್ತಿಯ ಮೇಲೆಯೇ ಹೋಟೆಲುಗಳಿದ್ದು, ಬುಗ್ಗೆಯ ನೀರು ಅವುಗಳ ಈಜುಕೊಳಗಳಿಗೆ ಹೋಗುತ್ತಿತ್ತು, ಇಳಿಜಾರಿನ ನಡುವೆ ವಾಹನಗಳ ರಸ್ತೆಯಿತ್ತು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ನಂತರದ ದಶಕದಲ್ಲಿ ಹೋಟೆಲುಗಳನ್ನು ಕೆಡವಿದರು. ನಾವು ಬರಿಗಾಲಲ್ಲಿ ಹತ್ತಿದ ದಾರಿ ಆ ಹಳೆಯ ರಸ್ತೆಯೇ. ಅದರ ಮೇಲೆ ಕೊಳಗಳನ್ನು ಕಟ್ಟಿ ನೀರು ಹರಿಸಿ ಬಿಟ್ಟರು, ಉಳಿದ ಕೆಲಸವನ್ನು ಸುಣ್ಣ ಮಾಡಿತು. ಪಾಚಿಯ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ. ನಮ್ಮ ಮಳೆಗಾಲದಲ್ಲಿ ಬಿಸಿಲು ಬೀಳದ ಗೋಡೆಗೆ ಈ ಕಲ್ಲು ಹಾಕಿಸಿದವರ ಮನೆಗಳು ಎರಡೇ ವರ್ಷಕ್ಕೆ ಕಪ್ಪಾಗಿರುವುದನ್ನು ಕಂಡಿದ್ದೇನೆ. ಮೇಲೆ ಚಜ್ಜಾ ಇರಬೇಕು, ನೀರು ಹೀರದ ಲೇಪ ಬಳಿಸಿರಬೇಕು, ಇಲ್ಲವೇ ಬೇರೆ ಕಲ್ಲು ನೋಡಬೇಕು.

ಸಂಜೆ ಕಾರಾಹಯಿತ್‌ಗೆ ಹೋಗಿಬಂದೆವು. ಐದು ಕಿ.ಮೀ. ದೂರದ ಆ ಹಳ್ಳಿಯ ಬುಗ್ಗೆಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅಲ್ಲಿ ಕಟ್ಟುವ ಟ್ರಾವರ್ಟಿನ್ ಕೆಂಪು, ಕಿತ್ತಳೆ, ತುಸು ಹಸಿರು. ಪೇಟೆಯಲ್ಲಿ ಕೆಂಪು, ಕಂದು ಟ್ರಾವರ್ಟಿನ್‌ಗಳಿಗೆ ಬಣ್ಣ ಹಾಕಿರುತ್ತಾರೆಂದು ಅನುಮಾನಿಸುವವರು ಇದನ್ನೊಮ್ಮೆ ನೋಡಬೇಕು.

ಮೂರನೆಯ ದಿನ: ಹಿಯರಾಪೊಲಿಸ್

ಬಿಳಿ ಇಳಿಜಾರಿನ ನೆತ್ತಿಯ ಮೇಲಿರುವ ಹಾಳೂರು ಹಿಯರಾಪೊಲಿಸ್. ಕ್ರಿ.ಪೂ. 2ನೆಯ ಶತಮಾನದಲ್ಲಿ ಪಶ್ಚಿಮ ಟರ್ಕಿಯ ಪೆರ್ಗಮಮ್‌ನ ಅರಸರ ಕಾಲಕ್ಕೆ ನೆಲೆಗೊಂಡ, ಕ್ರಿ.ಶ. 60ರ ಭೂಕಂಪದಲ್ಲಿ ಕುಸಿದು ಮತ್ತೆ ಎದ್ದ, ಆಮೇಲೂ ಹಲವು ಸಲ ಬಿದ್ದ ನಗರ. ಈ ಸಲ ಉತ್ತರದ ಬಾಗಿಲಿನಿಂದ ಒಳಹೊಕ್ಕೆವು, ಏಕೆಂದರೆ ಆ ದಿಕ್ಕಿನಿಂದ ಬಂದರೆ ಮೊದಲು ಸಿಗುವುದು ಮಶಾನ. ಎರಡು ಕಿ.ಮೀ. ಉದ್ದಕ್ಕೆ ಸಾವಿರಕ್ಕೂ ಹೆಚ್ಚು ಗೋರಿಗಳು: ಕಲ್ಲಿನ ಪೆಟ್ಟಿಗೆಗಳು, ಮಣ್ಣಿನ ದಿಬ್ಬದ ಸುತ್ತ ವೃತ್ತಾಕಾರದ ಕಟ್ಟೆಗಳು, ಮನೆಯ ಆಕಾರದ ಕಟ್ಟಡಗಳು. ಹೆಚ್ಚಿನವಕ್ಕೆ ಟ್ರಾವರ್ಟಿನ್ನೇ ಕಲ್ಲು. ಎರಡು ಸಾವಿರ ವರ್ಷ ಬಿಸಿಲು, ಮಳೆ, ಹಿಮ ತಿಂದ ಆ ಕಲ್ಲುಗಳು ಬೂದುಗಪ್ಪಾಗಿವೆ, ಕಲ್ಲುಹೂ ಹತ್ತಿದೆ, ಆದರೆ ಮೂಲೆಗಳು ಇನ್ನೂ ಚೂಪಾಗಿಯೇ ಇವೆ. ಭಾವ ಒಂದು ಗೋರಿಯ ಮೂಲೆಗೆ ಅಂಗೈ ಒತ್ತಿ ನೋಡಿದರು. ತೂತುಗಳಿರುವ ಕಲ್ಲು ಹೊರಗೆ ನಿಲ್ಲಲಾರದು ಎಂಬ ಅವರ ಮಾತು ಆವತ್ತಿನಿಂದ ಬರಲಿಲ್ಲ. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಟಿವೊಲಿಯ ಕಲ್ಲಿನ ಬಗ್ಗೆ ಬರೆದಿಟ್ಟದ್ದೂ ಇದನ್ನೇ: ಭಾರವನ್ನೂ ಹವೆಯನ್ನೂ ತಾಳುತ್ತದೆ, ಬೆಂಕಿಯನ್ನು ಮಾತ್ರ ತಾಳದು, ಬಿರಿದು ಚೂರಾಗುತ್ತದೆ.

ಮಶಾನದಿಂದ ಇಳಿಜಾರಿನ ಕಡೆ ಹೋದರೆ ಬಿಸಿನೀರು ನುಂಗಿದ ಗೋರಿಗಳು ಸಿಗುತ್ತವೆ. ಕಲ್ಲುಕೆಲಸದವರು ಅಚ್ಚುಕಟ್ಟಾಗಿ ಕಡಿದು ಜೋಡಿಸಿದ, ಇಳಿಜಾರು ಮಾಡಿನ ಒಂದು ಗೋರಿಮನೆಯ ಸುತ್ತ ನೀರು ಹರಿದು ಹರಿದು, ಹೊಸ ಟ್ರಾವರ್ಟಿನ್ ಅದರ ಗೋಡೆಯ ಅರ್ಧದವರೆಗೂ ಏರಿದೆ. ಕೊಯ್ದ ಕಲ್ಲು ಎಲ್ಲಿ ಮುಗಿಯಿತು, ತಾನೇ ಬೆಳೆದ ಕಲ್ಲು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಹತ್ತಿರದಲ್ಲೇ ಹಳೆಯ ಕಾಲುವೆಗಳು. ನೆಲದ ಮಟ್ಟದಲ್ಲಿ ತೋಡಿದವು ತಮ್ಮದೇ ಸುಣ್ಣದ ದಂಡೆಗಳ ಮೇಲೆ ಏರುತ್ತಾ ಈಗ ಆಳೆತ್ತರದ ಗೋಡೆಗಳಾಗಿ ನಿಂತಿವೆ.

ಕಲ್ಲು ಕೊಯ್ಯುವವರಿಗೆ ಈ ಮಶಾನದಲ್ಲಿ ನೋಡಲೇಬೇಕಾದ ಇನ್ನೊಂದು ವಸ್ತುವಿದೆ. ಕ್ರಿ.ಶ. 3ನೆಯ ಶತಮಾನದ ಮಾರ್ಕಸ್ ಔರೇಲಿಯಸ್ ಅಮ್ಮಿಯಾನೊಸ್ ಎಂಬಾತನ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಯಂತ್ರವನ್ನು ಕೆತ್ತಿದ್ದಾರೆ: ನೀರಿನ ಚಕ್ರ, ಹಲ್ಲುಚಕ್ರ, ಅದಕ್ಕೆ ಜೋಡಿಸಿದ ದಂಡಗಳು, ದಂಡಗಳ ತುದಿಗೆ ಕಲ್ಲಿನ ಬ್ಲಾಕುಗಳನ್ನು ಕೊಯ್ಯುತ್ತಿರುವ ಎರಡು ಗರಗಸಗಳು. ತಿರುಗುವ ಚಲನೆಯನ್ನು ಹಿಂದೆ ಮುಂದೆ ಹೋಗುವ ಚಲನೆಯನ್ನಾಗಿ ಬದಲಿಸುವ ಯಂತ್ರಕ್ಕೆ ನಮಗೆ ಗೊತ್ತಿರುವ ಅತಿ ಹಳೆಯ ಚಿತ್ರ ಇದೇ. ಈ ಗರಗಸಗಳಿಗೆ ಹಲ್ಲಿರುತ್ತಿರಲಿಲ್ಲ; ಬ್ಲೇಡಿನಡಿ ಮರಳು, ನೀರು ಹಾಕಿದರೆ ಕೊಯ್ಯುವ ಕೆಲಸವನ್ನು ಮರಳೇ ಮಾಡುತ್ತಿತ್ತು. ಬಿಸಿಲಲ್ಲಿ ಗೋರಿಯಿಂದ ಗೋರಿಗೆ ಅಲೆದು ಸುಸ್ತಾದ ನಮಗೆ ಕಾವಲಿನ ಯುವಕನೊಬ್ಬ ತನ್ನ ಮೊಬೈಲಿನಲ್ಲಿ ಅದರ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ಭಾವ ಅಲ್ಲಿಯೇ ಕೂತು, ಅದರಲ್ಲಿ ದಂಡ ಎಲ್ಲಿ ಸಿಕ್ಕಿಸಿದೆ, ಚಕ್ರ ಯಾವ ಕಡೆ ತಿರುಗಬೇಕು ಎಂದು ಆತನೊಂದಿಗೆ ಸನ್ನೆಯಲ್ಲೇ ವಾದಕ್ಕಿಳಿದರು. ಇಬ್ಬರಿಗೂ ಪರಸ್ಪರರ ಭಾಷೆ ಒಂದಕ್ಷರ ಬಾರದು.

ಮೂರು ಕಮಾನಿನ, ಎರಡೂ ಪಕ್ಕದಲ್ಲಿ ದುಂಡು ಗೋಪುರಗಳಿರುವ ಫ್ರಾಂಟಿನಸ್ ದ್ವಾರವೂ, ಈಗ ವಸ್ತುಸಂಗ್ರಹಾಲಯವಾಗಿರುವ ರೋಮನ್ ಸ್ನಾನಗೃಹವೂ ಟ್ರಾವರ್ಟಿನ್ ಬ್ಲಾಕುಗಳವು. ಸ್ನಾನಗೃಹದ ಒಳಗೆ ನಿಂತು ಕಮಾನುಚಾವಣಿಯನ್ನು ನೋಡಿದಾಗ, ಈ ಕಲ್ಲನ್ನು ಅಂಟಿಸುವ ಹಾಳೆಯಾಗಿ ಮಾತ್ರ ಬಳಸುವ ನಮ್ಮ ಕಾಲದ ಕೆಲಸ ತೀರಾ ತೆಳುವೆನಿಸಿತು. ರೋಮನ್ನರೂ ಅದರ ಮೇಲೆ ಅಮೃತಶಿಲೆಯ ಹಲಗೆ ಹೊದಿಸುತ್ತಿದ್ದರು, ಹೊದಿಕೆ ಸಿಕ್ಕಿಸಿದ ರಂಧ್ರಗಳು ಗೋಡೆಯಲ್ಲಿ ಉಳಿದಿವೆ. ಮೆರುಗು ಹೋಯಿತು, ಹೊತ್ತ ಕಲ್ಲು ನಿಂತಿತು.

ಕೊನೆಗೆ ಪ್ಲೂಟೋನಿಯನ್, ಪಾತಾಳದ ಬಾಗಿಲು. ನೆಲದ ಬಿರುಕಿನಿಂದ ಇಂಗಾಲದ ಡೈಆಕ್ಸೈಡ್ ಹೊರಬರುವ ಗುಹೆ. ಪುರಾತನ ಭೂಗೋಳಕಾರ ಸ್ಟ್ರೇಬೊ ಇಲ್ಲಿಗೆ ಗುಬ್ಬಚ್ಚಿಗಳನ್ನು ಎಸೆದು, ಅವು ಕೂಡಲೇ ಸತ್ತು ಬಿದ್ದುದನ್ನು ಬರೆದಿದ್ದಾನೆ. ಅರ್ಚಕರು ಹೋರಿಗಳನ್ನು ಒಳಗೆ ನಡೆಸುತ್ತಿದ್ದರು. ಹೋರಿ ಸಾಯುತ್ತಿತ್ತು, ಅರ್ಚಕರು ಹೊರಬರುತ್ತಿದ್ದರು. ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಕೊಳದ ಹಾಗೆ ನಿಲ್ಲುತ್ತದೆ, ನಸುಕಿನಲ್ಲಿ ಅತಿ ದಟ್ಟ. ಎತ್ತರದಲ್ಲಿ ತಲೆಯಿರುವ ಮನುಷ್ಯ ಉಳಿಯುತ್ತಿದ್ದ. 2013ರಲ್ಲಿ ಇಟಲಿಯ ಪುರಾತತ್ತ್ವಜ್ಞ ಫ್ರಾನ್ಸೆಸ್ಕೊ ಡಿ'ಆಂದ್ರಿಯಾ ಈ ಜಾಗವನ್ನು ಗುರುತಿಸಿದ್ದನ್ನು ಪ್ರಕಟಿಸಿದಾಗಲೂ ಬಾಯಿಯ ಬಳಿ ಹಕ್ಕಿಗಳು ಸಾಯುತ್ತಿದ್ದುದು ಗಮನಕ್ಕೆ ಬಂದಿತ್ತು. ಹಿಂದಿನ ದಿನ ಸುಣ್ಣದ ಚರ್ಮದಡಿ ನಾನು ಕಂಡ ಗುಳ್ಳೆಗಳಲ್ಲಿದ್ದದ್ದೂ ಇದೇ ಅನಿಲ.

ನಾಲ್ಕನೆಯ ದಿನ: ಗಣಿ, ಕಾರ್ಖಾನೆ, ಗುಹೆ

ಡೆನಿಜ್ಲಿಯಿಂದ ಪೂರ್ವಕ್ಕೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಹೊನಾಜ್, ಕೊಜಾಬಾಶ್, ಕಕ್ಲಿಕ್‌ಗಳವರೆಗೆ ಕಲ್ಲಿನ ಕಾರ್ಖಾನೆಗಳೇ. ಭಾವನಿಗೆ ವ್ಯಾಪಾರದ ಪರಿಚಯವಿದ್ದ ಒಂದು ಕಾರ್ಖಾನೆಯವರು ಕಾರು ಕಳಿಸಿದ್ದರು. ಪರಿಚಯವಿಲ್ಲದೆ ಹೋದರೆ ಗಣಿಯೊಳಗೆ ಬಿಡುವುದಿಲ್ಲ. ಮೊದಲೇ ಬರೆದು ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ, ಆದರೆ ದಪ್ಪತಳದ ಬೂಟು ಕಾಲಿಗಿರಬೇಕು.

ಗಣಿ ಎಂದರೆ ಬೆಟ್ಟದ ಒಡಲಿಗೆ ಕೊಯ್ದ ದೈತ್ಯ ಮೆಟ್ಟಿಲುಗಳು. ಸಿಡಿಮದ್ದಿನ ಸದ್ದಿಲ್ಲ. ಕೊರೆದ ರಂಧ್ರಗಳ ಮೂಲಕ ವಜ್ರದ ಮಣಿ ಪೋಣಿಸಿದ ತಂತಿಯನ್ನು ತೂರಿಸಿ, ಯಂತ್ರಕ್ಕೆ ಸುತ್ತಿ, ನೀರು ಬಿಡುತ್ತಾ ಓಡಿಸುತ್ತಾರೆ. ಗೋಡೆಯಷ್ಟು ದೊಡ್ಡ ಹೋಳು ಬಿಡಿಸಿದ ಮೇಲೆ, ಕೆಳಗೆ ಮಣ್ಣು, ಜಲ್ಲಿಯ ಹಾಸಿಗೆ ಹಾಕಿ ಅದರ ಮೇಲೆ ಉರುಳಿಸುತ್ತಾರೆ. ನಮ್ಮೆದುರು ಒಂದು ಉರುಳಿತು. ಸದ್ದಿಗಿಂತ ಮೊದಲು ಅಂಗಾಲಿಗೆ ನಡುಕ ತಾಗಿತು, ಆಮೇಲೆ ಬಿಳಿ ದೂಳು ಎದ್ದು ಹತ್ತು ನಿಮಿಷ ಏನೂ ಕಾಣಲಿಲ್ಲ. ಮೇಸ್ತ್ರಿ ದೂಳು ಇಳಿಯುವ ಮುಂಚೆಯೇ ಹೋಗಿ ಬಕೆಟ್ಟಿನಿಂದ ನೀರು ಎರಚಿದ. ಒಣಕಲ್ಲಿನಲ್ಲಿ ಕಾಣದ ಎಳೆಗಳು, ಬಿರುಕುಗಳು ಒದ್ದೆಯಾದ ಕೂಡಲೇ ಎದ್ದು ಬಂದವು. ಆಮೇಲೆ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟ. ಒಂದು ಕಡೆ ಸ್ವರ ಒಡೆದು ಬಂದದ್ದು ನನಗೂ ಕೇಳಿಸಿತು. ಅಲ್ಲಿ ಕೆಂಪು ಬಣ್ಣದಿಂದ ಗೆರೆ ಎಳೆದ. ಉಳಿದ ಬ್ಲಾಕು 2.8 ಮೀಟರ್ ಉದ್ದ, 1.8 ಅಗಲ, 1.6 ಎತ್ತರ. ಘನಮೀಟರಿಗೆ ಹತ್ತಿರ ಹತ್ತಿರ ಎರಡೂವರೆ ಟನ್ ಹಿಡಿದರೆ ಸುಮಾರು 20 ಟನ್ ಆಯಿತು. ಭಾವ ಸುತ್ತಿಗೆ ಇಸಿದುಕೊಂಡು ತಾವೂ ಒಂದೆರಡು ಕಡೆ ತಟ್ಟಿ, "ಗ್ರಾನೈಟಿಗೂ ಹಿಂಗ ಬಡದು ಕೇಳತೇವಿ. ಆದರ ಇದರ ದನಿ ಮೆತ್ತಗ ಅದ" ಎಂದರು.

ಕಾರ್ಖಾನೆಯಲ್ಲಿ ಇಡೀ ವಿಷಯದ ತಿರುಳು ಸಿಕ್ಕಿತು. ನೀರು ಪದರಪದರವಾಗಿ ಕಟ್ಟಿದ ಕಲ್ಲಾದ್ದರಿಂದ, ಪದರಕ್ಕೆ ಅಡ್ಡವಾಗಿ ಕೊಯ್ದರೆ ಉದ್ದುದ್ದ ಗೆರೆಗಳ ಹಲಗೆ ಬರುತ್ತದೆ. ಪದರದ ಜೊತೆಗೇ ಕೊಯ್ದರೆ ಗೆರೆಗಳಿಲ್ಲದೆ, ಮೋಡ ಹರಡಿದ ಮೈ ಬರುತ್ತದೆ. ಒಂದೇ ಬ್ಲಾಕಿನಿಂದ ಎರಡೂ ಸಾಧ್ಯ, ಆದ್ದರಿಂದ ಬೆಲೆ ಮಾತಾಡುವ ಮೊದಲು ಯಾವ ಕೊಯ್ತ ಎಂದು ತೀರ್ಮಾನಿಸಬೇಕು, ಮಾದರಿಯ ಸಣ್ಣ ತುಂಡನ್ನು ನಂಬದೆ ಪೂರ್ಣ ಹಲಗೆಯನ್ನೇ ನೋಡಬೇಕು. ಗೆರೆಯ ಕೊಯ್ತವನ್ನು ಗೋಡೆಗೆ ಹಾಕಿಸುವವರು ಗೆರೆಗಳನ್ನು ಅಡ್ಡಡ್ಡ ಬರುವಂತೆ ಇಡಿಸಿದರೆ ನೆಲದಲ್ಲಿ ಅದು ಇದ್ದ ರೀತಿಯಲ್ಲೇ ಇರುತ್ತದೆ, ಕಣ್ಣಿಗೂ ಹಿತ. ಲಂಬವಾಗಿ ನಿಲ್ಲಿಸುವುದು ಈಗಿನ ಫ್ಯಾಷನ್, ನನಗೆ ಸೇರದು.

ತೂತು ತುಂಬುವ ಸಾಲಿನಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು. ಯಂತ್ರ ಒಮ್ಮೆ ಸಿಮೆಂಟಿನ ಲೇಪ ಎಳೆದ ನಂತರ ಉಳಿದ ತೂತುಗಳನ್ನು ಇವರು ಚೂರಿಯಂಥ ಕರಣೆಯಿಂದ ಒಂದೊಂದಾಗಿ ತುಂಬುತ್ತಾರೆ. ಕಲ್ಲಿನ ಬಣ್ಣಕ್ಕೆ ಹೊಂದುವ ನಾಲ್ಕಾರು ಬಟ್ಟಲು ಲೇಪ ಪಕ್ಕದಲ್ಲಿ. ತುಂಬಿ, ತಿಕ್ಕಿದ ಮೇಲೆ ಹೊಸದರಲ್ಲಿ ಭೇದವೇ ತಿಳಿಯದು. ಆದರೆ ತುಂಬಿದ್ದು ಕಲ್ಲಲ್ಲ. ಕುರ್ಚಿ ಎಳೆದಾಡುವ ಜಾಗದಲ್ಲಿ, ಬಾಗಿಲ ಬಳಿ ಕೆಲವು ವರ್ಷಕ್ಕೆ ಅದು ಎದ್ದು ಬರುತ್ತದೆ, ಆಗ ಮತ್ತೆ ತುಂಬಿಸಿಕೊಳ್ಳಬೇಕು. ಕನ್ನಡಿ ಹೊಳಪು ಕೊಡಿಸಿದ ನೆಲದಲ್ಲಿ ಕಲ್ಲು ಹೊಳೆದು ಲೇಪ ಮಂಕಾಗಿ, ಮುಚ್ಚಿಸಿದ ತೂತುಗಳು ಮೊದಲಿಗಿಂತ ಹೆಚ್ಚಾಗಿ ಕಾಣುತ್ತವೆ. ಭಾರತಕ್ಕೆ ಹಲವು ಸಲ ಬಂದುಹೋಗಿದ್ದ ಅಲ್ಲಿಯ ಮಾರಾಟದ ಅಧಿಕಾರಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ನೆಲಕ್ಕೆ ತುಂಬಿದ್ದು ತೆಗೆದುಕೊಳ್ಳಿ, ಹೊಳಪು ಬೇಡ, ನಯವಾಗಿ ತಿಕ್ಕಿಸಿ ನಿಲ್ಲಿಸಿ, ಗೋಡೆಗೆ ತೂತು ತೆರೆದೇ ಇರಲಿ, ಅಂಟಿಸಲು ಬಿಳಿ ಅಂಟನ್ನೇ ಬಳಸಿ, ಬೂದು ಸಿಮೆಂಟು ಹಿಂದಿನಿಂದ ಒಸರಿ ಕಲ್ಲು ಕಪ್ಪಿಡುತ್ತದೆ. ಇದರಲ್ಲಿ ಕೊನೆಯದನ್ನು ನಮ್ಮ ಗಾರೆಯವರಿಗೆ ಒಪ್ಪಿಸಲು ನಾನು ವರ್ಷಗಳಿಂದ ಹೆಣಗುತ್ತಿದ್ದೇನೆ.

ಊಟದ ಹೊತ್ತಿಗೆ, ಚಹಾದ ಸಣ್ಣ ಗ್ಲಾಸುಗಳ ನಡುವೆ, ಮಾತು ತಲೆಬುರುಡೆಯ ಕಡೆ ತಿರುಗಿತು. ಕೊಜಾಬಾಶ್‌ನ ಗಣಿಯಿಂದ ಬಂದ ಬ್ಲಾಕನ್ನು 2002ರಲ್ಲಿ ಕಾರ್ಖಾನೆಯೊಂದು 35 ಮಿ.ಮೀ. ದಪ್ಪದ ಹಲಗೆಗಳಾಗಿ ಕೊಯ್ದಾಗ ಆದಿಮಾನವ ಹೋಮೋ ಎರೆಕ್ಟಸ್‌ನ ತಲೆಬುರುಡೆಯ ಮೇಲ್ಭಾಗ ಹೋಳುಗಳಾಗಿ ಹೊರಬಿತ್ತು. ಮೊದಲು ಐದು ಲಕ್ಷ ವರ್ಷ ಹಳೆಯದೆಂದು ಅಂದಾಜಿಸಿದರು. ನಂತರದ ಅಧ್ಯಯನಗಳು ಅದನ್ನು ಹತ್ತು ಲಕ್ಷಕ್ಕೂ ಹಿಂದೆ ತಳ್ಳಿದವು. ಇದೇ ಪದರಗಳಲ್ಲಿ ಆನೆಜಾತಿಯ, ಜಿಂಕೆಯ, ಕುದುರೆಯ ಎಲುಬುಗಳೂ ಸಿಕ್ಕಿವೆ. 2024ರಲ್ಲಿ ಯೂರೋಪಿನ ದಂತವೈದ್ಯರೊಬ್ಬರು ತಮ್ಮ ತಂದೆತಾಯಿಗಳು ಹೊಸದಾಗಿ ಹಾಕಿಸಿದ ಟ್ರಾವರ್ಟಿನ್ ನೆಲದಲ್ಲಿ ಅಡ್ಡಕೊಯ್ದ ದವಡೆಯನ್ನು, ಅದರ ಹಲ್ಲುಗಳನ್ನು ಗುರುತಿಸಿದ ಸುದ್ದಿ ಲೋಕವೆಲ್ಲ ಹರಡಿತ್ತು. ಆ ಕಲ್ಲೂ ಟರ್ಕಿಯದೇ. ಹಾಗಾದರೆ ಇಲ್ಲಿ ಎಲುಬಿನ ಹುಡುಕಾಟ ನಡೆಯುತ್ತದೆಯೇ ಎಂದು ಭಾವ ಕೇಳಿದರು. ಮೇಸ್ತ್ರಿ ನಕ್ಕು, ದಿನಕ್ಕೆ ಬರುವ ಸಾವಿರಾರು ಟೈಲುಗಳಲ್ಲಿ ಯಾರು ಯಾವುದನ್ನು ನೋಡುತ್ತಾರೆ ಎಂದ. ತನ್ನ ಮೇಜಿನ ಕಪಾಟಿನಿಂದ ಒಂದು ತುಂಡು ತೆಗೆದುಕೊಟ್ಟ. ಅದರೊಳಗೆ ಜೊಂಡುಹುಲ್ಲಿನ ಕಾಂಡಗಳು ಗುಂಪಾಗಿ ನಿಂತು ಕಲ್ಲಾಗಿದ್ದವು, ಒಂದೊಂದು ಕಾಂಡದ ನಡುವೆಯೂ ಪೊಳ್ಳು.

ಹಿಂದಿರುಗುವಾಗ ಕಕ್ಲಿಕ್ ಗುಹೆಗೆ ಇಳಿಯುವಷ್ಟರಲ್ಲಿ ಜೋರು ಮಳೆ. ಮೇಲ್ಚಾವಣಿ ಕುಸಿದು ತೆರೆದುಕೊಂಡ ಗುಹೆಯೊಳಗೆ ಪಾಮುಕ್ಕಲೆಯದೇ ರೀತಿಯ ಸಣ್ಣ ತಟ್ಟುಗಳು, ಗಂಧಕದ ವಾಸನೆ, ಪಾರದರ್ಶಕ ನೀರು. ಬಸ್ಸುಗಟ್ಟಲೆ ಜನ ಇಲ್ಲಿಗೆ ಬರುವುದಿಲ್ಲ. ಮರದ ನಡೆದಾರಿ ಒದ್ದೆಯಾಗಿ ಜಾರುತ್ತಿತ್ತು. ಹಿಂದಿನ ಅನುಭವದ ಮೇಲೆ ಭಾವ ಕಟಾಂಜನ ಬಿಡಲಿಲ್ಲ. ಹೊರಗೆ ಬಂದಾಗ ಹೊನಾಜ್ ಬೆಟ್ಟ ಮೋಡದೊಳಗಿತ್ತು, ಹೆದ್ದಾರಿಯ ಮೇಲೆ ತಲಾ ಒಂದೊಂದು ಬ್ಲಾಕು ಹೊತ್ತ ಲಾರಿಗಳು ಸಾಲಾಗಿ ನಿಂತಿದ್ದವು, ಕಲ್ಲುಗಳಿಂದ ಇಳಿದ ಸುಣ್ಣದ ನೀರು ರಸ್ತೆಯನ್ನು ಬೆಳ್ಳಗೆ ಮಾಡಿತ್ತು.

ಕೊನೆಯ ದಿನ: ಲಾವೊದಿಕೇಯದ ಕೊಳವೆಗಳು

ರೈಲಿಗೆ ಸಮಯವಿದ್ದುದರಿಂದ ಬೆಳಿಗ್ಗೆ ಲಾವೊದಿಕೇಯ ನೋಡಿದೆವು. ಡೆನಿಜ್ಲಿಗೆ ಹೊಂದಿಕೊಂಡೇ ಇರುವ ಈ ಹಳೆಯ ನಗರವನ್ನು 2003ರಿಂದ ಪಾಮುಕ್ಕಲೆ ವಿಶ್ವವಿದ್ಯಾಲಯದ ತಂಡ ಅಗೆಯುತ್ತಿದೆ. ಅಗಲವಾದ ಬೀದಿ, ಮತ್ತೆ ಎತ್ತಿ ನಿಲ್ಲಿಸಿದ ಕಂಬಗಳು, ಎರಡು ರಂಗಮಂದಿರಗಳು, ಇವೆಲ್ಲ ಇವೆ. ಆದರೆ ನಾವು ಬಹಳ ಹೊತ್ತು ನಿಂತದ್ದು ನೀರಿನ ಕೊಳವೆಗಳ ಬಳಿ. ಚೌಕಾಕಾರದ ಟ್ರಾವರ್ಟಿನ್ ಬ್ಲಾಕಿನ ನಡುವೆ ದುಂಡಗೆ ಕೊರೆದು, ಒಂದಕ್ಕೊಂದು ಜೋಡಿಸಿ, ದಕ್ಷಿಣದ ಬೆಟ್ಟದ ಬುಗ್ಗೆಯಿಂದ ಕಣಿವೆ ದಾಟಿಸಿ ನಗರಕ್ಕೆ ನೀರು ತಂದಿದ್ದರು. ಆ ನೀರಿನಲ್ಲೂ ಸುಣ್ಣ. ಒಂದು ಬ್ಲಾಕಿನ ಬಾಯಿಗೆ ಭಾವ ಮುಷ್ಟಿ ಹಾಕಿ ನೋಡಿದರು. ಒಳಗೆ ಪದರ ಪದರವಾಗಿ ಕಟ್ಟಿದ ಹೊಸ ಕಲ್ಲಿಗೆ ತಾಗಿ ಮುಷ್ಟಿ ಅರ್ಧದಲ್ಲೇ ನಿಂತಿತು. ರೈಲಿನ ಹಿರಿಯರು ಬೆರಳಲ್ಲಿ ಮಾಡಿ ತೋರಿಸಿದ್ದು ಇಲ್ಲಿ ಕಲ್ಲಿನಲ್ಲೇ ಇತ್ತು. ಇದೇ ನಗರದಲ್ಲಿ ಸಿಕ್ಕ ಕ್ರಿ.ಶ. 114ರ ಶಾಸನವೊಂದು ನೀರನ್ನು ಕದ್ದವರಿಗೆ, ಕೊಳವೆ ಕೆಡಿಸಿದವರಿಗೆ ಸಾವಿರಾರು ದಿನಾರಿ ದಂಡ ವಿಧಿಸುತ್ತದೆ. ಕಟ್ಟಿಕೊಂಡ ಸುಣ್ಣಕ್ಕೆ ದಂಡ ಹಾಕುವ ಉಪಾಯ ಅವರಿಗೂ ಇರಲಿಲ್ಲ ಎಂದು ಭಾವ ನಕ್ಕರು.

ಅಲ್ಲಿಂದಲೇ ಅವರು ಹುಬ್ಬಳ್ಳಿಯ ಗಿರಾಕಿಗೆ ವಿಡಿಯೋ ಕರೆ ಮಾಡಿದರು. ವಿದ್ಯಾನಗರದಲ್ಲಿ ಮನೆ ಕಟ್ಟಿಸುತ್ತಿರುವ ಆ ವೈದ್ಯರು ಮುಂಗೋಡೆಗೆ ಹೊಳಪಿನ, ತೂತು ಮುಚ್ಚಿದ ಟ್ರಾವರ್ಟಿನ್ನೇ ಬೇಕೆಂದು ಹಟ ಹಿಡಿದವರು. "ಡಾಕ್ಟರ್ ಸಾಹೇಬ್ರ, ಎರಡು ಸಾವಿರ ವರ್ಷದ ಕಲ್ಲು ತೋರಸ್ತೇನಿ, ತೂತು ಎಣಿಸ್ರಿ" ಎಂದು ಭಾವ ಮೊಬೈಲನ್ನು ಗೋಡೆಯ ಉದ್ದಕ್ಕೂ ನಿಧಾನವಾಗಿ ಆಡಿಸಿದರು. ಆ ಕಡೆಯಿಂದ ಮೊದಲು ಬಂದ ಪ್ರಶ್ನೆ, ತೂತಿನೊಳಗೆ ಇರುವೆ ಗೂಡು ಕಟ್ಟುವುದಿಲ್ಲವೇ ಎಂಬುದು. ಕಾಲು ಗಂಟೆಯ ಮಾತಿನ ನಂತರ ಒಪ್ಪಂದವಾಯಿತು: ಚಜ್ಜಾದಡಿಯ ಪೂರ್ವದ ಗೋಡೆಗೆ ಗೆರೆಯ ಕೊಯ್ತ, ತೂತು ತೆರೆದು, ಹಾಲ್‌ನ ನೆಲಕ್ಕೆ ಮುಚ್ಚಿದ್ದು, ಹೊಳಪಿಲ್ಲದೆ, ಅಡುಗೆಮನೆಗೆ ಇಳಕಲ್ ಗ್ರಾನೈಟ್. ಇರುವೆಯ ಪ್ರಶ್ನೆ ಮಾತ್ರ ತೀರ್ಮಾನವಾಗದೆ ಉಳಿಯಿತು.

ಮಧ್ಯಾಹ್ನದ ರೈಲಿನಲ್ಲಿ ಇಜ್ಮಿರ್‌ಗೆ ಮರಳಿದೆವು. ಕಾರ್ಖಾನೆಯವರು ಕೊಟ್ಟ ಮಾದರಿ ತುಂಡುಗಳನ್ನೆಲ್ಲ ಭಾವ ಒಂದೂ ಬಿಡದೆ ಕಟ್ಟಿಕೊಂಡಿದ್ದರು. ವಿಮಾನ ನಿಲ್ದಾಣದ ತಕ್ಕಡಿಯ ಮೇಲೆ ಅವರ ಚೀಲ ಮಿತಿ ಮೀರಿದಾಗ, ಹೆಚ್ಚಿನ ಹಣ ಕೊಡುವ ಬದಲು ಅರ್ಧದಷ್ಟು ಕಲ್ಲನ್ನು ನನ್ನ ಬಟ್ಟೆಗಳ ನಡುವೆ ತುಂಬಿಸಿದರು.